ಕತ್ತೆ ಬರೀ ನೆಪ

ನಮ್ಮ ಮನೆಯ ಗೋಡೆಗೆ ಮೊದಲು ಬಂದದ್ದು ಒಂದು ಕಲೆ. ಅದನ್ನು ಮುಚ್ಚಲು ಬಂದದ್ದು ಇನ್ನೊಂದು ಕಲೆ. ಮೊದಲನೆಯದು ಮೇಲಿನ ಮನೆಯ ಬಚ್ಚಲಿನಿಂದ ಇಳಿದದ್ದು, ಎರಡನೆಯದು ನಮ್ಮವರ ಕಚೇರಿಯ ಸಾಹೇಬರ ಹೆಂಡತಿಯ ಕೈಯಿಂದ ಇಳಿದದ್ದು. ಎರಡರಲ್ಲಿ ಯಾವುದು ಹೆಚ್ಚು ಹಾನಿ ಮಾಡಿತು ಎಂದು ಯಾರಾದರೂ ಕೇಳಿದರೆ, ಬಚ್ಚಲಿನ ಮೇಲೆ ನನಗೆ ಈಗ ಯಾವ ಸಿಟ್ಟೂ ಇಲ್ಲ ಎಂದಷ್ಟೇ ಹೇಳುತ್ತೇನೆ.

ನಮ್ಮವರು ಕೆಲಸ ಮಾಡುವುದು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ಯಾವ ಬೀದಿಯಲ್ಲಿ ಪೈಪು ಒಡೆದರೂ, ಯಾರ ನಲ್ಲಿಯಲ್ಲಿ ಗಾಳಿ ಬಂದರೂ ದೂರು ಬಂದು ಬೀಳುವುದು ಇವರ ಮೇಜಿಗೆ. ಇವರು ಅದರ ಮೇಲೆ 'ಪರಿಶೀಲನೆಯಲ್ಲಿದೆ' ಎಂಬ ಮುದ್ರೆಯನ್ನು ಧಡ್ ಎಂದು ಒತ್ತಿ, ಊರಿಗೇ ನೀರು ಕುಡಿಸಿದವರ ಹಾಗೆ ಕೈ ಒರೆಸಿಕೊಳ್ಳುತ್ತಾರೆ. ಮನೆಯಲ್ಲೂ ಅದೇ ಚಾಳಿ. "ರೀ, ಗೋಡೆ ಒದ್ದೆಯಾಗ್ತಿದೆ" ಎಂದೆ. "ಪರಿಶೀಲನೆಯಲ್ಲಿದೆ" ಎಂದರು. ಕಲೆ ತಟ್ಟೆಯಷ್ಟಾಯಿತು, ಚಾಪೆಯಷ್ಟಾಯಿತು. ಇವರ ಪರಿಶೀಲನೆ ಮಾತ್ರ ಇದ್ದಲ್ಲೇ ಇತ್ತು.

ಬೇರೆ ಸಮಯವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಅಕ್ಕ ಬರುವವಳಿದ್ದಳು. ಅಕ್ಕನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಎಲ್ಲಾ ಹಾಲಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತೆ ಕಣೇ. ಮೊನ್ನೆ ಟೀಗೆ ಉಪ್ಪು ಹಾಕಿದೆ. ಇವರು ಏನೂ ಅನ್ನದೆ ಕುಡಿದು, ಲೋಟ ಇಟ್ಟು, ಇಡೀ ದಿನ ಮಾತು ಬಿಟ್ರು" ಎಂದು ಫೋನಿನಲ್ಲಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಒಳ್ಳೆಯ ಕಣ್ಣಾಸ್ಪತ್ರೆ ಇರುವುದು ನಮ್ಮ ಬೀದಿಯ ಕೊನೆಯಲ್ಲಿ. ನನ್ನ ಮನೆಯಲ್ಲೇ ಇದ್ದು ಆಪರೇಷನ್ ಮಾಡಿಸಿಕೊಂಡರೆ ನಾನೇ ಔಷಧಿ ಬಿಟ್ಟು ನೋಡಿಕೊಳ್ಳಬಹುದು. ಅದಕ್ಕೆ ಇದ್ದ ಅಡ್ಡಿ ಒಂದೇ, ಭಾವ.

ಭಾವ ಎಂದರೆ ಅಕ್ಕನ ಗಂಡ. ನನಗೆ ಭಾವ, ನಮ್ಮವರಿಗೆ ಷಡ್ಡಕ. ಆದರೆ ಷಡ್ಡಕಾ ಎಂದು ಯಾರೂ ಕೂಗಿ ಕರೆಯುವುದಿಲ್ಲವಾದ್ದರಿಂದ ಇವರೂ ಭಾವ ಎನ್ನುತ್ತಿದ್ದರು. ನಮ್ಮಿಬ್ಬರ ಬಾಯಲ್ಲಿ ಕೇಳಿ ಕೇಳಿ ಇಡೀ ಕಟ್ಟಡಕ್ಕೇ ಅವರು ಭಾವ ಆಗಿಬಿಟ್ಟಿದ್ದರು. ರೈಲಿನಲ್ಲಿ ಟಿಕೆಟ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಜಗತ್ತಿನಲ್ಲಿ ಎಲ್ಲರೂ ಟಿಕೆಟ್ ಇಲ್ಲದೆ ಓಡಾಡುತ್ತಿದ್ದಾರೆ ಎಂಬಂತೆ ನೋಡುತ್ತಾರೆ. ಉದ್ದ ಮುಖ, ನಿಮಿರಿದ ಕಿವಿ, ಸ್ವಲ್ಪ ಜೋತುಬಿದ್ದ ಕೆಳತುಟಿ. ಮದುವೆಯಲ್ಲೂ ಸಾವಿನಲ್ಲೂ ಆ ಮುಖ ಒಂದೇ ಥರ. ಅವರ ಹಲ್ಲು ನೋಡಿದವರು ನಮ್ಮ ನೆಂಟರಲ್ಲಿ ಯಾರೂ ಇಲ್ಲ.

ಕಳೆದ ಸಲ ಬಂದಾಗ ನಮ್ಮವರು ಅತಿ ವಿನಯದಿಂದ "ಬನ್ನಿ ಭಾವ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದುಕೊಟ್ಟರು. ಅದು ರಿಪೇರಿಗೆಂದು ಮೂಲೆಗೆ ಇಟ್ಟಿದ್ದ ಕುರ್ಚಿ. ಭಾವ ಕೂತರು, ಕುರ್ಚಿ ಕೂರಲಿಲ್ಲ. ಕಟ್ಟಡದವರೆಲ್ಲ ಬಂದು ಎತ್ತಿದರು. ನೆಲದಿಂದ ಎದ್ದ ಭಾವ ಅದೇ ಮುಖದಲ್ಲಿ "ಈ ಮನೇಲಿ ನನಗೆ ಕೂರೋಕೆ ಜಾಗ ಇಲ್ಲ" ಎಂದು ಅಕ್ಕನನ್ನು ಕರೆದುಕೊಂಡು ಹೊರಟುಹೋದರು. ಆಮೇಲೆ ತಾವೂ ಬರಲಿಲ್ಲ, ಅವಳನ್ನೂ ಕಳಿಸಲಿಲ್ಲ. ಎಷ್ಟೋ ಕಾಡಿ ಬೇಡಿದ ಮೇಲೆ ಈಗ ಒಂದು ಮಾತು ಕೊಟ್ಟಿದ್ದರು: "ಭಾನುವಾರ ಬರ್ತೀನಿ. ಮರ್ಯಾದೆ ಕಂಡ್ರೆ ಅವಳನ್ನ ಬಿಟ್ಟು ಹೋಗ್ತೀನಿ. ಇಲ್ಲ ಅಂದ್ರೆ ಬಂದ ರೈಲಿಗೇ ವಾಪಸ್."

ಹೊಸ ಕುರ್ಚಿ ತಂದದ್ದಾಯಿತು. ಗೋಡೆ ಮಾತ್ರ ಹಾಗೇ ಇತ್ತು.

ಆ ವಾರವೇ ಕಚೇರಿಯಲ್ಲಿ ಸಾಹೇಬರ ಹೆಂಡತಿಯ ಚಿತ್ರಪ್ರದರ್ಶನ. ಸಿಬ್ಬಂದಿಯೆಲ್ಲ ಸಕುಟುಂಬವಾಗಿ ಬರತಕ್ಕದ್ದು ಎಂದು ಸುತ್ತೋಲೆ. ಹೋದೆವು. ಮೀಟಿಂಗ್ ಹಾಲಿನ ತುಂಬ ಪ್ರಾಣಿಗಳು, ಒಂದಕ್ಕೂ ದೇವರು ಕೊಟ್ಟ ಬಣ್ಣವಿಲ್ಲ. ನೇರಳೆ ಕುದುರೆ, ಗುಲಾಬಿ ಹುಲಿ, ಹಸಿರು ಹಸು. ಪಂಪ್ ಆಪರೇಟರ್ ಕುದುರೆಯ ಮುಂದೆ ನಿಂತು, "ಇದಕ್ಕೇನೋ ಕಚ್ಚಿದೆ. ವಿಷ ಮೈಗೆಲ್ಲ ಏರಿದೆ" ಎಂದು ಮೆಲ್ಲಗೆ ಮರುಗಿದ. ಕೊನೆಯ ಗೋಡೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ಉರಿಯುವ ಕೆಂಪಿನ ಮಧ್ಯೆ ಒಂದು ಹಳದಿ ಕತ್ತೆ. ನೀಲಿ ಕಿವಿ, ಜೋತುಬಿದ್ದ ನೇರಳೆ ತುಟಿ, ತೆರೆದ ಬಾಯಿ, ಅಗಲವಾದ ಹಲ್ಲು, ನಡುವೆ ಒಂದು ಸಂದಿ. ಅದು ನೋಡುವವರನ್ನೇ ನೋಡುತ್ತಿತ್ತು.

ಅದರ ಪಕ್ಕದಲ್ಲಿ ಗಡ್ಡದ ಮೇಷ್ಟ್ರೊಬ್ಬರು ವಿವರಿಸುತ್ತಿದ್ದರು. ಚಿತ್ರಕಲಾ ಶಾಲೆಯವರಂತೆ. "ಕತ್ತೆ ಕಂಡ ಹಾಗೆ ಬರೆದ್ರೆ ಅದು ಫೋಟೋ. ಕತ್ತೆ ಅನಿಸಿದ ಹಾಗೆ ಬರೆದ್ರೆ ಅದು ಕಲೆ. ಇದನ್ನ ಅಭಿವ್ಯಕ್ತಿವಾದ ಅಂತಾರೆ. ಇಲ್ಲಿ ಬಣ್ಣ ಪ್ರಾಣೀದಲ್ಲ, ಭಾವದ್ದು. ಕತ್ತೆ ಬರೀ ನೆಪ!"

ನಮ್ಮವರಿಗೆ ಸುತ್ತೋಲೆ ಬಾಯಿಪಾಠ ಮಾಡಿ ಅಭ್ಯಾಸ. ತುಟಿ ಅಲ್ಲಾಡಿಸುತ್ತ ಅಷ್ಟನ್ನೂ ನುಂಗಿಕೊಂಡರು. ಆಮೇಲೆ ಜೇಬಿನಿಂದ ಒಂದು ದಾರ ತೆಗೆದರು. ಮನೆಯ ಕಲೆಯ ಅಗಲಕ್ಕೆ ಕತ್ತರಿಸಿ ತಂದಿದ್ದ ದಾರ! ನಾನು ಅವರ ಅಂಗಿ ಹಿಡಿದು ಎಳೆಯುವಷ್ಟರಲ್ಲಿ ಎರಡೂ ತೋಳು ಚಾಚಿ, ಕತ್ತೆಯನ್ನು ತಬ್ಬಿದ ಹಾಗೆ ನಿಂತು ಅಳತೆ ನೋಡತೊಡಗಿದರು. ಅಳತೆ ಹೊಂದಿತೆಂದು ಕಾಣುತ್ತದೆ, ಹಾಗೇ ಕಣ್ಣುಮುಚ್ಚಿ "ಆಹಾ!" ಎಂದರು.

ಹಿಂದೆ ಮೇಡಂ ನಿಂತಿದ್ದರು. ಅವರ ಕಣ್ಣಲ್ಲಿ ನೀರು.

"ಬಂದವರೆಲ್ಲ ಟೀ ಎಲ್ಲಿ ಅಂತ ಕೇಳ್ತಿದಾರೆ. ನೀವೊಬ್ರು ನನ್ನ ಕತ್ತೆನ ತಬ್ಬಿಕೊಂಡ್ರಿ. ಇದು ನಿಮ್ಮದು, ತಗೊಂಡು ಹೋಗಿ" ಎಂದರು.

ಬೇಡ ಎನ್ನುವ ಧೈರ್ಯ ಯಾರಿಗಿದೆ? ಸಾಹೇಬರ ಹೆಂಡತಿ. ಅದಲ್ಲದೆ ಇವರಿಗೆ ಬೇಕೇ ಆಗಿತ್ತು.

ಹೀಗೆ ಕತ್ತೆ ಆಟೋದಲ್ಲಿ ಕೂತು ಬಂತು, ನಾನು ನಡೆದುಕೊಂಡು ಬಂದೆ. ಗೋಡೆಗೆ ಹಾಕಿದರು. ಕಲೆಯೆಲ್ಲ ಮುಚ್ಚಿತು, ಬಲಗಡೆ ಒಂದು ಉದ್ದನೆಯ ಗೆರೆಯಷ್ಟು ಉಳಿಯಿತು. ಅದು ಚೌಕಟ್ಟಿನಿಂದ ಹೊರಬಂದ ಬಾಲದ ಹಾಗೆ ಕಾಣುತ್ತಿತ್ತು. "ಎಷ್ಟು ಸಹಜವಾಗಿದೆ ನೋಡು" ಎಂದರು ನಮ್ಮವರು.

ಸುತ್ತಿಗೆಯ ಸದ್ದಿಗೆ ಎದುರುಮನೆಯ ಟೈಲರಮ್ಮ ಬಂದಳು. ಅವಳ ಕತ್ತರಿಗಿಂತ ನಾಲಿಗೆ ಹರಿತ. ಅಕ್ಕನ ಬಟ್ಟೆಯನ್ನೂ ಅವಳೇ ಹೊಲಿಯುವುದರಿಂದ ಅಲ್ಲಿಗೂ ಅವಳ ಫೋನ್ ಹೋಗುತ್ತಿರುತ್ತದೆ. ನಾನು ಅಡುಗೆಮನೆಯಲ್ಲಿ ಹಾಲು ಉಕ್ಕದ ಹಾಗೆ ಕಾಯುತ್ತಿದ್ದೆ. ಹೊರಗೆ ನಮ್ಮವರು ಬಾಯಿಪಾಠ ಒಪ್ಪಿಸುವುದು ಕೇಳಿಸುತ್ತಿತ್ತು.

"ಇದೇನ್ರೀ ಇದು, ಹಳದಿ ಕತ್ತೆ?"

"ಕತ್ತೆ ಬರೀ ನೆಪ ಕಣ್ರೀ. ನಿಜವಾಗಿ ಇಲ್ಲಿರೋದು ಭಾವ."

"ಭಾವನಾ?"

"ಭಾವವೇ! ಸರಿಯಾಗಿ ನೋಡಿ. ಕಿವೀಲಿ ಭಾವ ಇದೆ. ತುಟೀಲಿ ಭಾವ ಇದೆ. ಬಣ್ಣ ಕತ್ತೇದಲ್ಲ, ಭಾವದ್ದು."

ಟೈಲರಮ್ಮ ಚಿತ್ರದ ಹತ್ತಿರ ಹೋದ ಹೆಜ್ಜೆ ಸದ್ದು ಕೇಳಿಸಿತು. ಆಮೇಲೆ "ಅಯ್ಯೋ, ಹೌದಲ್ರೀ!" ಎಂದು ಕಿರುಚಿದಳು. "ಭಾವಂಗೆ ಇದು ಗೊತ್ತಾ?"

"ಗೊತ್ತಾಗೋದೆಲ್ಲ ಬುದ್ಧಿಗೆ. ಬುದ್ಧಿ ಬೇರೆ, ಭಾವ ಬೇರೆ. ಭಾವ ಇರೋ ಕಡೆ ಬುದ್ಧಿ ಇರಲ್ಲ ಅಂತ ಮೇಷ್ಟ್ರೇ ಹೇಳಿದಾರೆ."

ನಾನು ಹಾಲು ಬಿಟ್ಟು ಓಡಿ ಬಂದೆ. ಹಾಲು ಉಕ್ಕಿತು. ಟೈಲರಮ್ಮ ನನ್ನ ಕೈ ಹಿಡಿದುಕೊಂಡು, "ನಿಮ್ಮವರಿಗೆ ಎಂಥ ಧೈರ್ಯ! ಅಷ್ಟು ದೊಡ್ಡವರನ್ನ 'ಭಾವ ಇದಾರೆ' ಅಂತ ಕೂಡ ಅನ್ನಲಿಲ್ಲ. 'ಇದೆ' ಅಂದ್ರು! ಹೋಗ್ಲಿ ಬಿಡಿ, ಕತ್ತೆ ಆದಮೇಲೆ 'ಇದೆ' ಅಂತಾನೇ ಅನ್ಬೇಕು" ಎಂದಳು.

"ಅದು ಆ ಭಾವ ಅಲ್ಲ ಕಣ್ರೀ. ಮನಸ್ಸಲ್ಲಿ ಇರುತ್ತಲ್ಲ, ಆ ಭಾವ."

"ಅದೇ ನಾನೂ ಅನ್ನೋದು. ಮನಸ್ಸಲ್ಲಿ ಇದ್ದದ್ದು ಬಾಯಿಗೆ ಬಂತು."

ಆಗ ನಾನೂ ಕತ್ತೆಯನ್ನು ನೋಡಿದೆ. ನೋಡಬಾರದಾಗಿತ್ತು. ಉದ್ದ ಮುಖ, ನಿಮಿರಿದ ಕಿವಿ, ಜೋತುಬಿದ್ದ ಕೆಳತುಟಿ, ಟಿಕೆಟ್ ಕೇಳುವ ಕಣ್ಣು. ಒಮ್ಮೆ ಕಂಡಮೇಲೆ ಅಲ್ಲಿ ಕತ್ತೆ ಕಾಣಿಸಲೇ ಇಲ್ಲ.

ಅವತ್ತಿನಿಂದ ಮನೆಯೇ ಪ್ರದರ್ಶನವಾಯಿತು. ಕುರ್ಚಿ ಮುರಿದ ದಿನ ಭಾವನನ್ನು ಎತ್ತಿದ್ದವರೆಲ್ಲ ಸರದಿಯಲ್ಲಿ ಬಂದರು. ಕೆಳಮನೆಯ ಎಲೆಕ್ಟ್ರಿಷಿಯನ್ ಟಾರ್ಚ್ ಬಿಟ್ಟು ನೋಡಿ, "ಕಿವಿ ಅವರದೇ. ಎತ್ತುವಾಗ ನಾನು ಆ ಕಡೆ ಹಿಡಿದಿದ್ದೆ" ಎಂದು ಸಾಕ್ಷಿ ಹೇಳಿದ. ಮೇಲಿನ ಮನೆಯಾತ, ನಾನು ಕರೆದಾಗೆಲ್ಲ ಬಾಗಿಲು ತೆರೆಯದವನು, ಈಗ ತಾನಾಗಿ ಇಳಿದು ಬಂದು, "ಇಂಥ ಚಿತ್ರಕ್ಕೆ ನಮ್ಮ ಬಚ್ಚಲು ಕಾರಣ ಅಂದ್ರೆ ಹೆಮ್ಮೆ ಆಗುತ್ತಮ್ಮ" ಎಂದ. ಹಲ್ಲಿನ ವಿಷಯದಲ್ಲಿ ಮಾತ್ರ ಒಮ್ಮತ ಬರಲಿಲ್ಲ. "ಹಲ್ಲು ಅವರದಲ್ಲ" ಎಂದಳು ಟೈಲರಮ್ಮ. "ಅಲ್ಲ ಅಂತ ಹೇಗೆ ಹೇಳ್ತೀರಿ? ಅವರ ಹಲ್ಲು ನೋಡಿದೀರಾ?" ಎಂದ ಎಲೆಕ್ಟ್ರಿಷಿಯನ್. ನೋಡಿದವರು ಯಾರೂ ಇರಲಿಲ್ಲ. ಆ ಪ್ರಶ್ನೆಯನ್ನು ಹಾಗೇ ಬಿಟ್ಟರು.

"ರೀ, ಭಾನುವಾರದ ಒಳಗೆ ಅದನ್ನ ಇಳಿಸಿ" ಎಂದೆ. "ಗೋಡೆ ಹೊಲಸಾಗಿ ಕಂಡ್ರೂ ಪರವಾಗಿಲ್ಲ. ನನ್ನ ಅಕ್ಕನ ಕಣ್ಣಿನ ಪ್ರಶ್ನೆ."

ಇವರ ಮುಖ ಬಿಳುಚಿತು. "ಭಾನುವಾರ ಮೇಡಂ ಬರ್ತಾರಂತೆ. ಕತ್ತೆ ಎಲ್ಲಿ ಹಾಕಿದೀರಿ ಅಂತ ನೋಡೋಕೆ. ಇಳಿಸಿದ್ರೆ ಸಾಹೇಬ್ರು ನನ್ನ ಎತ್ತಂಗಡಿ ಮಾಡ್ತಾರೆ."

"ಇಳಿಸದಿದ್ರೆ ಅಕ್ಕ ಕುರುಡಿ ಆಗ್ತಾಳೆ!"

"ಪರಿಶೀ..." ಎಂದು ಶುರುಮಾಡಿ ನನ್ನ ಕೈಯಲ್ಲಿದ್ದ ಸೌಟು ನೋಡಿ ನಿಲ್ಲಿಸಿದರು. ಕೊನೆಗೆ ಒಂದು ರಾಜಿ ಆಯಿತು. ಕತ್ತೆಯ ಮೇಲೆ ಹೂವಿನ ಚಾದರ ಹೊದಿಸುವುದು. ಭಾವ ಮೊದಲು ಬಂದರೆ ಚಾದರ ಇರಲಿ. ಅವರನ್ನು ಒಳಕೋಣೆಯಲ್ಲಿ ಮಲಗಿಸಿ, ಮೇಡಂ ಬಂದಾಗ ಚಾದರ ತೆಗೆಯುವುದು. ಯುದ್ಧ ಗೆದ್ದವರೂ ಇಂಥ ಯೋಜನೆ ಹಾಕಿರಲಿಕ್ಕಿಲ್ಲ.

ಇಷ್ಟರಲ್ಲಿ ನಮಗೆ ತಿಳಿಯದ ಹಾಗೆ ಒಂದು ಘನಕಾರ್ಯ ನಡೆದಿತ್ತು. ಟೈಲರಮ್ಮ ಅಕ್ಕನ ಮನೆಗೆ ಫೋನ್ ಮಾಡಿದ್ದಳು. ಅಕ್ಕನಿಗೆ ಕಣ್ಣು ಕಾಣದ್ದರಿಂದ ಫೋನ್ ಎತ್ತಿದ್ದು ಭಾವ. ಟೈಲರಮ್ಮ ಫೋನ್ ಇಟ್ಟುಬಿಡಲು ನೋಡಿದಳು. ಆದರೂ ನಾಲಿಗೆ ಸುಮ್ಮನಿರಬೇಕಲ್ಲ. "ನಿಮ್ಮ ಚಿತ್ರ ಹಾಕಿದಾರೆ ಸಾರ್, ಹಾಲಲ್ಲಿ! ಇಷ್ಟು ದೊಡ್ಡದು! ಬಣ್ಣದ್ದು! ಸಾಹೇಬ್ರ ಹೆಂಡತೀನೇ ಬರೆದದ್ದು!" ಎಂದಳು. ಕತ್ತೆಯ ಸಂಗತಿ ಬರುವಷ್ಟರಲ್ಲಿ ಧೈರ್ಯ ಸಾಲದೆ ಫೋನ್ ಇಟ್ಟಳು.

ಭಾನುವಾರ ಬಾಗಿಲು ತೆರೆದರೆ ನಾನು ಬೆರಗಾದೆ. ಭಾವ ಕೋಟು ಹಾಕಿದ್ದರು, ತಲೆಗೆ ಕಪ್ಪು ಹಚ್ಚಿದ್ದರು. ಮುಖ ಮಾತ್ರ ಅದೇ. ಹಿಂದೆ ಅಕ್ಕ, ಗೋಡೆ ಸವರಿಕೊಂಡು ಬಂದಳು. ನನ್ನ ಕೆನ್ನೆ ಮುಟ್ಟಿ ಮುಟ್ಟಿ ನೋಡಿ, "ಇಳಿದು ಹೋಗಿದೀಯಲ್ಲೇ" ಎಂದಳು. ನನಗೆ ಅಳು ಬಂತು. ಎರಡು ಹೆಜ್ಜೆ ಆಚೆಯಿದ್ದ ನಮ್ಮವರಿಗೆ ಕೈಮುಗಿಯುವ ಬದಲು ಕೋಟು ನೇತುಹಾಕುವ ಗೂಟಕ್ಕೆ ಕೈಮುಗಿದು "ಚೆನ್ನಾಗಿದೀರಾ?" ಎಂದಳು.

ಭಾವ ಹೊಸ ಕುರ್ಚಿಯನ್ನು ಮೊದಲು ಅಲ್ಲಾಡಿಸಿ ನೋಡಿದರು, ಆಮೇಲೆ ಕೂತರು. ಕುರ್ಚಿ ನಿಂತಿತು. ಅವರು ಚಾದರದ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು.

"ನನಗೆ ಇದೆಲ್ಲ ಇಷ್ಟ ಇಲ್ಲ. ಆದರೂ ಮಾಡಿಬಿಟ್ಟಿದೀರಿ."

"ಏನು ಭಾವ?" ಎಂದರು ನಮ್ಮವರು.

"ಗೊತ್ತಾಗಿದೆ ನನಗೆ. ಮುಚ್ಚಿ ಇಟ್ಟಿದೀರಿ, ಸರಿ. ಅನಾವರಣ ನಾನೇ ಮಾಡ್ಬೇಕೋ?"

"ಬೇಡ ಭಾವ!" ಎಂದು ನಾವಿಬ್ಬರೂ ಒಟ್ಟಿಗೆ ಕೂಗಿದೆವು. ಅದನ್ನು ಅವರು ಸಂಕೋಚ ಎಂದುಕೊಂಡರು. ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಚಾದರದ ತುದಿ ಹಿಡಿದು ಗಂಭೀರವಾಗಿ ಎಳೆದರು.

ಹಳದಿ ಕತ್ತೆ ಭಾವನನ್ನು ನೋಡಿತು. ಭಾವ ಹಳದಿ ಕತ್ತೆಯನ್ನು ನೋಡಿದರು. ಕಿವಿಗೆ ಕಿವಿ, ತುಟಿಗೆ ತುಟಿ. ಬಾಗಿಲಲ್ಲಿ ಕಟ್ಟಡದವರು ಆಗಲೇ ಸೇರಿದ್ದರು. "ಅಕ್ಕಪಕ್ಕ ನಿಂತಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ" ಎಂದ ಎಲೆಕ್ಟ್ರಿಷಿಯನ್, ಮೆಲ್ಲಗೆ ಎಂದುಕೊಂಡು ಜೋರಾಗಿ.

ಅದೇ ಗಳಿಗೆಗೆ ಮೇಡಂ ಬರಬೇಕೇ? ಜೊತೆಗೆ ಗಡ್ಡದ ಮೇಷ್ಟ್ರು. ಚಿತ್ರದ ಮುಂದೆ ಚಾದರ ಹಿಡಿದು ಕಂಬದಂತೆ ನಿಂತ ಭಾವನನ್ನು ಕಂಡು ಮೇಡಂ ಹಿಗ್ಗಿದರು. "ನೋಡಿ ಮೇಷ್ಟ್ರೇ, ಭಾವ ಕೆರಳಿದೆ!"

"ಇದು ಯಾರು?" ಎಂದರು ಭಾವ, ಕತ್ತೆಗೆ ಬೆರಳು ತೋರಿಸಿ.

"ಎಲ್ಲರೂ 'ಇದೇನು' ಅಂತಾರೆ. ನೀವು 'ಯಾರು' ಅಂದ್ರಿ. ನಿಮಗೆ ಅರ್ಥ ಆಗಿದೆ!"

"ಅರ್ಥ ಆಗಿದೆ ತಾಯಿ. ನಾನು ನಿಮಗೇನು ಮಾಡಿದ್ದೆ?"

ಮೇಡಂ ಕೇಳಿಸಿಕೊಂಡರೆ ತಾನೇ! "ಭಾವ ಹಿಡಿಯೋಕೆ ತಿಂಗಳುಗಟ್ಟಲೆ ಒದ್ದಾಡಿದೀನಿ. ಎಷ್ಟು ಅಟ್ಟಿಸಿಕೊಂಡು ಹೋದ್ರೂ ಕೈಗೆ ಸಿಗ್ತಿರಲಿಲ್ಲ. ಒಂದು ಬೆಳಿಗ್ಗೆ ತಾನಾಗೇ ಸಿಕ್ಕಿಬಿಡ್ತು."

"ಎಲ್ಲಿ ಸಿಕ್ಕಿದ್ರು?" ಎಂದಳು ಅಕ್ಕ, ತಣ್ಣಗೆ.

"ಎದೆಯೊಳಗೇ ಇತ್ತಮ್ಮ."

ಅಕ್ಕ ಭಾವನಿದ್ದ ದಿಕ್ಕಿಗೆ ತಿರುಗಿದಳು. ಭಾವ ಮೊದಲ ಬಾರಿಗೆ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು. "ಇವರನ್ನ ನಾನು ಹುಟ್ಟಿದಾರಭ್ಯ ನೋಡಿಲ್ಲ ಕಣೇ!" ಎಂದರು.

ಮೇಷ್ಟ್ರಿಗೆ ಸುಮ್ಮನಿರಲಾಗಲಿಲ್ಲ. "ಸ್ವಾಮಿ, ನೀವು ಗೊಂದಲ ಮಾಡ್ಕೊಂಡಿದೀರಿ. ಭಾವಗಳಲ್ಲಿ ಎರಡು ಥರ. ಸ್ಥಾಯಿ ಭಾವ, ಸಂಚಾರಿ ಭಾವ. ಸ್ಥಾಯಿ ಭಾವ ಒಂದೇ ಕಡೆ ಕೂತಿರುತ್ತೆ. ಸಂಚಾರಿ ಭಾವ ಬಂದು ಬಂದು ಹೋಗ್ತಿರುತ್ತೆ. ಈ ಕತ್ತೇಲಿ ಇರೋದು ಸಂಚಾರಿ ಭಾವ."

"ನಾನು ರಿಟೈರ್ ಆಗಿದೀನಿ!" ಎಂದು ಭಾವ ಗುಡುಗಿದರು. "ಈಗ ಯಾವ ಸಂಚಾರವೂ ಇಲ್ಲ!"

ನಮ್ಮವರಿಗೆ ಆಗ ಬೆಳಕು ಮೂಡಿತು. ಮೂಡಿದ್ದು ತಪ್ಪು ಹೊತ್ತಿನಲ್ಲಿ. "ಅಯ್ಯೋ ಭಾವ, ಭಾವ ಅಂದ್ರೆ ನೀವಲ್ಲ ಭಾವ! ಭಾವ ಅಂದ್ರೆ ಬೇರೆ!"

"ಬೇರೆ ಅಂದ್ರೆ? ಈ ಮನೆಗೆ ಇನ್ನೊಬ್ಬ ಭಾವ ಇದಾನಾ?"

"ಇದಾನೆ ಅಲ್ಲ, ಇದೆ."

"ನನಗೆ ಇದೆ ಅಂತೀರಾ!" ಭಾವ ಕತ್ತೆಯ ಕಡೆ ಕೈ ಮಾಡಿದರು.

"ಇಳಿಸಿ ಅದನ್ನ!" ಎಂದರು ಭಾವ. ನಮ್ಮವರು ಸ್ಟೂಲು ಹತ್ತಿ ಚೌಕಟ್ಟು ಹಿಡಿದರು. "ಮುಟ್ಟಿದ್ರೆ ನೋಡಿ!" ಎಂದರು ಮೇಡಂ. ಇವರು ಕೈಬಿಟ್ಟರು. "ಇಳಿಸ್ತೀರೋ, ನಾನು ಹೊರಡ್ಲೋ?" ಇವರು ಹಿಡಿದರು. "ನಮ್ಮ ಯಜಮಾನ್ರಿಗೆ ಏನು ಹೇಳ್ಲಿ?" ಇವರು ಬಿಟ್ಟರು. ಕತ್ತೆ ಗೋಡೆಯ ಮೇಲೆ ಒಮ್ಮೆ ತಲೆ ಎತ್ತಿತು, ಒಮ್ಮೆ ಇಳಿಸಿತು. ಕೊನೆಗೆ ಎಲ್ಲರೂ ಒಟ್ಟಿಗೆ "ಏನಾಯ್ತು ನಿಮ್ಮ ತೀರ್ಮಾನ?" ಎಂದಾಗ ಸ್ಟೂಲಿನ ಮೇಲೆ ನಿಂತ ನನ್ನ ಗಂಡ, ಇಷ್ಟು ವರ್ಷದ ಸೇವೆಯ ಬಲದಿಂದ, "ಪರಿಶೀಲನೆಯಲ್ಲಿದೆ" ಎಂದರು.

ಭಾವ ಬ್ಯಾಗು ಎತ್ತಿಕೊಂಡರು. "ನಡಿಯೇ. ಕುರ್ಚಿ ಆಯ್ತು, ಈಗ ಕತ್ತೆ ಆಯ್ತು. ಈ ಮನೆ ಹೊಸಿಲು ಇನ್ನು ತುಳಿಯಲ್ಲ."

ನಾನು ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಆಸ್ಪತ್ರೆ ಕೂಗಳತೆಯಲ್ಲಿ ಇತ್ತು. ಇವಳು ಮತ್ತೆ ಆ ಹಾಲಿನಂಥ ಮಂಜಿಗೇ ಹೋಗಬೇಕು, ಒಂದು ಕತ್ತೆಯ ದೆಸೆಯಿಂದ. ನನ್ನ ಗಂಡನನ್ನು ಸ್ಟೂಲಿನ ಸಮೇತ ಕಿಟಕಿಯಿಂದ ಎಸೆಯಬೇಕೆನ್ನಿಸಿತು.

ಅಕ್ಕ ಮಾತ್ರ ನನ್ನ ಕೈ ಬಿಡಿಸಿಕೊಂಡು ಮುಂದೆ ಹೋದಳು. ಚಿತ್ರಕ್ಕೆ ಮೂಗು ತಾಗುವ ಹಾಗೆ ನಿಂತು ನೋಡಿದಳು. ತಿರುಗಿ ಬಂದು ಭಾವನ ಮುಖಕ್ಕೆ ಮೂಗು ತಾಗುವ ಹಾಗೆ ನಿಂತು ನೋಡಿದಳು. ಮತ್ತೆ ಅಲ್ಲಿಗೆ, ಮತ್ತೆ ಇಲ್ಲಿಗೆ.

"ಏನಂತೀಯ? ಹೇಳು ಇವರಿಗೆ! ಇದು ನಾನಾ?" ಎಂದರು ಭಾವ.

"ಹೇಗೆ ಹೇಳ್ಲಿ ರೀ?" ಎಂದಳು ಅಕ್ಕ. "ನನಗೆ ಕಾಣೋದು ಅಲ್ಲೊಂದು ಹಳದಿ ಮಂಜು, ಇಲ್ಲೊಂದು ಕಂದು ಮಂಜು. ಎರಡಕ್ಕೂ ಕಿವಿ ಇದೆ. ಅಷ್ಟೇ ಗೊತ್ತಾಗ್ತಿರೋದು."

"ಅಷ್ಟು ಹತ್ರ ನಿಂತ್ರೂ?"

"ನಿಮ್ಮ ಮುಖಾನ ನನ್ನಷ್ಟು ನೋಡಿದವರ್ಯಾರಿದಾರೆ? ಅದು ನೀವಲ್ಲ ಅಂತ ನಾನು ಒಂದು ಮಾತು ಅಂದ್ರೆ ಇವರೆಲ್ಲ ಬಾಯಿ ಮುಚ್ಕೊತಾರೆ. ಆದ್ರೆ ಕಣ್ಣಿಲ್ಲದವಳ ಸಾಕ್ಷಿ ಯಾರು ಒಪ್ತಾರೆ ಹೇಳಿ? ಕಣ್ಣು ಮಾಡಿಸ್ಕೊಂಡು ನೋಡಿ ಹೇಳ್ತೀನಿ. ಅಲ್ಲಿವರೆಗೂ ಕತ್ತೇನೂ ಇಳಿಸ್ಬೇಡಿ, ನಾನೂ ಬರಲ್ಲ."

"ಈಗ ಹೊರಟು ಹೋದ್ರೆ, ಅದು ಅವರೇ, ಅದಕ್ಕೇ ಓಡಿಹೋದ್ರು ಅಂತಾರೆ ಜನ" ಎಂದಳು ಬಾಗಿಲಿನಿಂದ ಟೈಲರಮ್ಮ. ಜೀವಮಾನದಲ್ಲಿ ಅವಳ ನಾಲಿಗೆ ಮಾಡಿದ ಒಂದೇ ಉಪಕಾರ ಅದು.

ಭಾವ ಒಮ್ಮೆ ಚಿತ್ರದ ಕಡೆ, ಒಮ್ಮೆ ಬಾಗಿಲ ಕಡೆ ನೋಡಿದರು. ತಪಾಸಣೆ ಇಲ್ಲದೆ ದಂಡ ಹಾಕುವಂತಿಲ್ಲ ಎಂಬುದು ಅವರ ಇಲಾಖೆಯ ನಿಯಮ. ಬ್ಯಾಗು ಕೆಳಗಿಟ್ಟರು. "ಆಸ್ಪತ್ರೆ ಎಷ್ಟು ಹೊತ್ತಿಗೆ ತೆಗೀತಾರೆ?" ಎಂದರು.

ಅಕ್ಕನ ಕಣ್ಣಿಗೆ ಇಂಥ ಅವಸರದ ಚಿಕಿತ್ಸೆ ಸಿಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮಾರನೇ ದಿನ ಬೆಳಗಾಗುವ ಮುಂಚೆ ಭಾವ ಆಸ್ಪತ್ರೆಯ ಗೇಟಿನಲ್ಲಿದ್ದರು. ಡಾಕ್ಟರಮ್ಮ ಒಂದು ಕಣ್ಣು ಈಗ, ಇನ್ನೊಂದು ಆಮೇಲೆ ಎಂದಾಗ, "ಒಂದು ಕಣ್ಣಲ್ಲಿ ಕತ್ತೆಗೂ ಮನುಷ್ಯರಿಗೂ ವ್ಯತ್ಯಾಸ ಗೊತ್ತಾಗುತ್ತಾ?" ಎಂದು ಕೇಳಿದರಂತೆ. ಡಾಕ್ಟರಮ್ಮ ಅವರನ್ನು ಒಮ್ಮೆ ನೋಡಿ, "ಸಾಧಾರಣವಾಗಿ ಗೊತ್ತಾಗುತ್ತೆ" ಎಂದರಂತೆ.

ಭಾವ ಊರಿಗೂ ಹೋಗಲಿಲ್ಲ. ತೀರ್ಪು ಬರುವ ತನಕ ಚಿತ್ರದ ಎದುರು ಹೊಸ ಕುರ್ಚಿ ಹಾಕಿಕೊಂಡು ಕೂತರು. ಅವರು ಕತ್ತೆಯನ್ನು ನೋಡುವುದು, ಕತ್ತೆ ಅವರನ್ನು ನೋಡುವುದು. ಟೀ ಕೊಡಲು ಹೋದಾಗ ನನಗೆ ಯಾವ ಕಡೆ ಕೊಡಬೇಕೆಂದು ಗಲಿಬಿಲಿಯಾಗುತ್ತಿತ್ತು. ಒಳಗೆ ಅಕ್ಕ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿ ನನ್ನ ಜೊತೆ ಹಳೆಯ ಮಾತೆಲ್ಲ ಆಡಿದಳು. ಅಷ್ಟು ಸುಖವಾದ ದಿನಗಳು ನನಗೆ ಮದುವೆಯಾದ ಮೇಲೆ ಬಂದಿರಲಿಲ್ಲ.

"ಏನು ಹೇಳ್ತೀಯೇ ಅಕ್ಕ? ಹೌದು ಅಂದ್ರೆ ಭಾವ ಹೋಗ್ತಾರೆ. ಅಲ್ಲ ಅಂದ್ರೆ ಚಿತ್ರದಲ್ಲಿ ಭಾವವೇ ಇಲ್ಲ ಅಂದ ಹಾಗಾಗಿ ಮೇಡಂಗೆ ಸಿಟ್ಟು ಬಂದು ಇವರ ಕೆಲಸಕ್ಕೆ ಕುತ್ತು" ಎಂದೆ.

"ಇರು, ಮೊದ್ಲು ಕತ್ತೆ ನೋಡ್ತೀನಿ" ಎಂದಳು.

ಪಟ್ಟಿ ಬಿಚ್ಚಿದ ದಿನ ಯಾರನ್ನೂ ಕರೆಯಬೇಕಾಗಲಿಲ್ಲ. ಕಟ್ಟಡ ಪೂರ್ತಿ ಹಾಲಿನಲ್ಲಿತ್ತು. ಮೇಡಂ, ಮೇಷ್ಟ್ರು ಸಹ. ಭಾವ ಕೋಟು ಹಾಕಿಕೊಂಡು ಚಿತ್ರದ ಪಕ್ಕದಲ್ಲಿ ಸೆಟೆದು ನಿಂತಿದ್ದರು. ಅಕ್ಕ ಒಳಕೋಣೆಯಿಂದ ಯಾರ ಕೈಯನ್ನೂ ಹಿಡಿಯದೆ ನಡೆದು ಬಂದಳು. ಮೊದಲು ನನ್ನನ್ನು ನೋಡಿ, "ಕೂದಲು ಬೆಳ್ಳಗಾಗಿದೆಯಲ್ಲೇ ನಿನಗೆ!" ಎಂದು ಸಣ್ಣದಾಗಿ ಕೂಗಿದಳು. ಆಮೇಲೆ ಗೋಡೆ ನೋಡಿದಳು. ಆ ಕೆಂಪು, ಆ ಹಳದಿ ನೋಡಿ ಬಾಯಿ ತೆರೆದು ನಿಂತುಬಿಟ್ಟಳು. "ಅಬ್ಬಾ! ಇಷ್ಟೊಂದು ಬಣ್ಣ ಇದೆಯಾ ಪ್ರಪಂಚದಲ್ಲಿ!"

ಮೇಡಂ ಕಣ್ಣೊರೆಸಿಕೊಂಡರು.

"ಇದರ ಬಾಲ ಯಾಕೆ ಗೋಡೆಗೆ ಹತ್ತಿದೆ?" ಎಂದು ಕೇಳಿದಳು. ನಮ್ಮವರು ಮೇಲಿನ ಮನೆಯಾತನನ್ನು ನೋಡಿದರು, ಆತ ಸೂರು ನೋಡಿದ.

"ಬಾಲ ಇರ್ಲಿ!" ಎಂದರು ಭಾವ. "ಮುಖ ನೋಡು. ಸರಿಯಾಗಿ ನೋಡಿ ಹೇಳು."

ಅಕ್ಕ ನೋಡಿದಳು. ಕತ್ತೆಯ ಮುಖ ನೋಡಿದಳು, ಇಷ್ಟು ವರ್ಷ ಜೊತೆಗೆ ಬಾಳಿದ ಮುಖ ನೋಡಿದಳು. ಯಾವ ಆತುರವೂ ಇಲ್ಲದೆ, ಬಟ್ಟೆ ಅಂಗಡಿಯಲ್ಲಿ ಎರಡು ಸೀರೆ ಮುಂದಿಟ್ಟುಕೊಂಡವಳ ಹಾಗೆ.

"ಛೆ, ಛೆ, ಇದು ನೀವಲ್ಲ ಬಿಡಿ" ಎಂದಳು. "ಈ ಕತ್ತೆ ಮುಖದಲ್ಲಿ ಭಾವ ಇದೆ."

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಮೇಡಂ ಅಕ್ಕನನ್ನು ತಬ್ಬಿಕೊಂಡು, "ಕಣ್ಣು ಅಂದ್ರೆ ಇದು!" ಎಂದರು. ನಮ್ಮವರ ಎತ್ತಂಗಡಿ ಅಲ್ಲಿಗೆ ತಪ್ಪಿತು. ನಾನು ಮಾತ್ರ ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಮಾತನ್ನು ಅವಳು ಇಡೀ ಕಟ್ಟಡದ ಮುಂದೆ ಆಡಿ, ಎಷ್ಟು ಹಗುರಾಗಿ ನಿಂತಿದ್ದಳು!

ಭಾವನಿಗೆ ಕೇಳಿಸಿದ್ದು ಮೊದಲರ್ಧ ಮಾತ್ರ. "ಕೇಳಿಸ್ಕೊಂಡ್ರಾ ಎಲ್ರೂ? ನಾನಲ್ವಂತೆ!" ಎಂದರು. ಹೆಮ್ಮೆಯಿಂದ ಎದೆ ಉಬ್ಬಿಸಿ, ತಲೆ ಹಿಂದಕ್ಕೆ ಎಸೆದು, ಹುಟ್ಟಿದಮೇಲೆ ಮೊದಲ ಬಾರಿಗೆ ಬಾಯಿ ತುಂಬ ನಕ್ಕರು.

ಅಗಲವಾದ ಹಲ್ಲು. ನಡುವೆ ಒಂದು ಸಂದಿ.

ಎಲೆಕ್ಟ್ರಿಷಿಯನ್ ಟೈಲರಮ್ಮನ ಕಡೆ ನೋಡಿದ. ಟೈಲರಮ್ಮ ಬಾಯಿಗೆ ಸೆರಗು ತುರುಕಿಕೊಂಡು ಮೆಟ್ಟಿಲಿನ ಕಡೆ ಓಡಿದಳು. ಭಾವ ನಗುತ್ತಲೇ ಇದ್ದರು, ಅವರ ಹೆಗಲ ಪಕ್ಕದಲ್ಲಿ ಅದೂ ನಗುತ್ತಿತ್ತು. ಅಕ್ಕ ಹೊಸ ಕಣ್ಣನ್ನು ಪಿಳಿಪಿಳಿ ಬಿಟ್ಟು ಒಂದು ಸಲ ಅತ್ತ, ಒಂದು ಸಲ ಇತ್ತ ನೋಡಿದಳು. ಆಮೇಲೆ ಬೇಗ ಮುಂದೆ ಹೋಗಿ ಗಂಡನ ತೋಳು ಜಗ್ಗಿದಳು.

"ಸಾಕು, ನಗ್ಬೇಡಿ" ಎಂದಳು.